ಕುದುರೆಯ ಕಾಲಿಗೆ ಗಾಯವಾದಾಗ: ತೊಳೆಯುವುದು, ಕಟ್ಟುವುದು, ಡಾಕ್ಟರನ್ನು ಯಾವಾಗ ಕರೆಯಬೇಕು

ಜತ್ತ, ಮಂಗಳವೇಢೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆ ಕುದುರೆಯ ಕಾಲಿಗೆ ಪೆಟ್ಟಾಗುವುದು ಹೇಗೆಂದು ಸಾಕಿದವರಿಗೆಲ್ಲ ಗೊತ್ತು. ದ್ರಾಕ್ಷಿ, ದಾಳಿಂಬೆ ತೋಟದ ಮುಳ್ಳುತಂತಿ, ಕಬ್ಬು ಕಡಿದ ಹೊಲದಲ್ಲಿ ಚೂಪಾಗಿ ನಿಂತ ಕೂಳೆ, ಬಳ್ಳಾರಿ ಜಾಲಿಯ ಮುಳ್ಳು, ಮೇಯಲು ಬಿಟ್ಟಾಗ ಕಾಲಿಗೆ ಕಟ್ಟಿದ ಹಗ್ಗ, ರಸ್ತೆಯಲ್ಲಿ ತಾಗಿದ ಬೈಕು, ಪಕ್ಕದ ಕುದುರೆಯ ಒದೆ. ಕುರಿಹಿಂಡಿನ ಜೊತೆ ಹೇರು ಹೊತ್ತು ತಿರುಗುವ ತಟ್ಟುವಿಗಾಗಲಿ, ಮದುವೆ ಮೆರವಣಿಗೆಗೆ ಹೋಗುವ ಕುದುರೆಗಾಗಲಿ ಕಾಲೇ ದುಡಿಮೆ. ಆ ಕಾಲು ಉಳಿಯುವುದೋ ಇಲ್ಲವೋ ಎಂಬುದು ಬಹಳ ಸಲ ಮೊದಲ ಒಂದು ಗಂಟೆಯಲ್ಲಿ ನಾವು ಮಾಡಿದ್ದರ ಮೇಲೆ, ಅದಕ್ಕಿಂತ ಹೆಚ್ಚಾಗಿ ಮಾಡದೆ ಬಿಟ್ಟದ್ದರ ಮೇಲೆ ನಿಂತಿರುತ್ತದೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಮಾತು ಒಂದೇ: ಗಾಯ ಎಷ್ಟು ದೊಡ್ಡದು ಎಂದು ನೋಡಬೇಡಿ, ಎಲ್ಲಿದೆ ಎಂದು ನೋಡಿ. ತೊಡೆಯ ಮೇಲೆ ಗೇಣುದ್ದ ಹರಿದು ಮಾಂಸ ಜೋತುಬಿದ್ದರೂ ಕುದುರೆ ಬದುಕಿ, ಮತ್ತೆ ಓಡುತ್ತದೆ. ಗೆಣ್ಣಿನ, ಎಂದರೆ ಗೊರಸಿನ ಮೇಲೆ ಇರುವ ಕೀಲಿನ, ಪಕ್ಕದಲ್ಲಿ ಕಡಲೆಕಾಳಿನಷ್ಟು ತೂತಾಗಿ, ರಕ್ತ ನಾಲ್ಕು ಹನಿ ಮಾತ್ರ ಬಂದಿದ್ದರೆ ಅದೇ ಕುದುರೆ ಹದಿನೈದು ದಿನದಲ್ಲಿ ಕಾಲೂರಲಾಗದೆ ನೆಲ ಹಿಡಿಯಬಹುದು.

ಮೊಣಕಾಲಿನ ಕೆಳಗೆ ಯಾಕೆ ಅಷ್ಟು ಎಚ್ಚರ

ಮುಂಗಾಲಿನ ಮೊಣಕಾಲು, ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ದೊಡ್ಡ ಕೀಲು, ಇವೆರಡರ ಕೆಳಗೆ ಕುದುರೆಗೆ ಮಾಂಸವೇ ಇಲ್ಲ. ಬಿಗಿಯಾದ ಚರ್ಮ, ಅದರಡಿ ಹಳ್ಳಿಯಲ್ಲಿ ನಾವು ನರ ಎನ್ನುವ ಸ್ನಾಯುರಜ್ಜು, ಅದರಡಿ ಎಲುಬು. ರಕ್ತದ ಓಡಾಟ ಕಡಿಮೆ, ನೆಲದ ಮಣ್ಣು ಲದ್ದಿ ಸದಾ ಹತ್ತಿರ, ಕಾಲು ಸದಾ ಅಲುಗಾಟದಲ್ಲಿ. ಹೀಗಾಗಿ ಇಲ್ಲಿಯ ಗಾಯ ನಿಧಾನಕ್ಕೆ ಮಾಯುತ್ತದೆ. ಅಂಚಿನಿಂದ ಹೊಸ ಚರ್ಮ ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ ಸರಿಯುತ್ತದೆ; ಹೊಟ್ಟೆ, ಪಕ್ಕೆಯ ಗಾಯದಲ್ಲಿ ಅದರ ಎರಡು ಪಟ್ಟು ವೇಗ. ಮೊದಲ ಎರಡು ವಾರ ಚರ್ಮ ಹಿಂದಕ್ಕೆ ಜಗ್ಗಿಕೊಂಡು ಗಾಯ ದೊಡ್ಡದಾಗುವುದೂ ಸಹಜ. ಅದನ್ನು ಕಂಡು ಔಷಧಿ ನಾಟಲಿಲ್ಲ ಎಂದು ದಿನಕ್ಕೊಂದು ಮುಲಾಮು ಬದಲಿಸುವುದರಿಂದಲೇ ಅರ್ಧ ಗಾಯಗಳು ಕೆಡುತ್ತವೆ. ಒಂದು ಸಮಾಧಾನವೆಂದರೆ, ದೊಡ್ಡ ಜಾತಿಯ ಕುದುರೆಗಿಂತ ಸಣ್ಣ ತಟ್ಟುವಿನ ಗಾಯ ಬೇಗ ಮಾಯುತ್ತದೆ.

ಕೀಲುಗಳ ಸುತ್ತ, ಗೆಣ್ಣಿನ ಹಿಂದೆ ರಜ್ಜು ಜಾರಲೆಂದು ಇರುವ ಚೀಲಗಳಲ್ಲಿ ತಿಳಿಹಳದಿ ಬಣ್ಣದ ಜಿಗುಟು ದ್ರವ ಇರುತ್ತದೆ. ಒಂದು ಮುಳ್ಳು ಅಥವಾ ತಂತಿಯ ತುದಿ ಆ ಚೀಲವನ್ನು ತೂರಿದರೆ ಒಳಗೆ ಹೋದ ಸೋಂಕು ಕೀಲಿನ ಮೆತ್ತೆಲುಬನ್ನೇ ತಿನ್ನುತ್ತದೆ. ಅದನ್ನು ಆಸ್ಪತ್ರೆಯಲ್ಲಿ ಲೀಟರುಗಟ್ಟಲೆ ಸಲೈನ್ ಹಾಯಿಸಿ ತೊಳೆಯಬೇಕು. ಮೊದಲ ದಿನದೊಳಗೆ ಆದರೆ ಆಸೆ ಇದೆ. ಮೂರನೇ ದಿನಕ್ಕೆ ಆಸೆ ತೀರಾ ಕಡಿಮೆ.

ಮೊದಲ ಹತ್ತು ನಿಮಿಷ

ಮೊದಲು ನಿಮ್ಮ ಜೀವ. ನೊಂದ ಕುದುರೆ ತನ್ನ ಯಜಮಾನನನ್ನೂ ಒದೆಯುತ್ತದೆ. ತಂತಿಯಲ್ಲಿ ಸಿಕ್ಕಿಕೊಂಡಿದ್ದರೆ ಒಬ್ಬರು ಮುಖದ ಹಗ್ಗ ಹಿಡಿದು, ಕಣ್ಣು ಮುಚ್ಚುವಂತೆ ಟವೆಲ್ ಹಾಕಿ ಸಮಾಧಾನ ಮಾಡುತ್ತಿರಬೇಕು, ಇನ್ನೊಬ್ಬರು ಇಕ್ಕಳದಿಂದ ತಂತಿ ಕತ್ತರಿಸಬೇಕು. ಕುದುರೆಯನ್ನು ಎಳೆದು ಬಿಡಿಸಲು ಹೋದರೆ ಚರ್ಮ ಕಾಲುಚೀಲ ಕಳಚಿದ ಹಾಗೆ ಬರುತ್ತದೆ. ಬಿಡಿಸಿದ ಮೇಲೆ ಗಟ್ಟಿ ನೆಲದ, ಬೆಳಕಿರುವ ಜಾಗಕ್ಕೆ ತನ್ನಿ. ಕಂಬಕ್ಕೆ ಬಿಗಿದು ಕಟ್ಟಬೇಡಿ. ಮನುಷ್ಯರೇ ಹಿಡಿಯಬೇಕು, ಹಿಡಿದವರು ಗಾಯ ನೋಡುವವರ ಮಗ್ಗುಲಲ್ಲೇ ನಿಲ್ಲಬೇಕು. ಕುಕ್ಕರಗಾಲಲ್ಲಿ ಕೂರಬೇಡಿ, ಮೊಣಕಾಲೂರಬೇಡಿ; ಬಾಗಿ ನಿಂತೇ ಕೆಲಸ ಮಾಡಿ. ಹಿಂಗಾಲಿನ ಗಾಯವಾದರೆ ಅದೇ ಮಗ್ಗುಲಿನ ಮುಂಗಾಲನ್ನು ಇನ್ನೊಬ್ಬರು ಎತ್ತಿ ಹಿಡಿದರೆ ಒದೆ ತಪ್ಪುತ್ತದೆ. ಆದರೆ ನೊಂದ ಕಾಲಿಗೆ ಭಾರ ಬಿಡಲಾಗದ ಕುದುರೆಗೆ ಈ ಉಪಾಯ ಬೇಡ.

ಆಮೇಲೆ ರಕ್ತ. ಕಡು ಕೆಂಪಾಗಿ ಸುರಿಯುತ್ತಿದ್ದರೆ ಅದು ಸಿರೆ. ತಿಳಿಗೆಂಪಾಗಿ ಎದೆಬಡಿತದ ತಾಳಕ್ಕೆ ಚಿಮ್ಮುತ್ತಿದ್ದರೆ ಅಪಧಮನಿ. ಎರಡಕ್ಕೂ ಮದ್ದು ಒತ್ತುವುದೇ. ತೊಳೆದ ಹತ್ತಿ ಬಟ್ಟೆಯನ್ನು ದಪ್ಪ ಮಡಿಸಿ ಗಾಯದ ಮೇಲಿಟ್ಟು, ಅಂಗೈಯಿಂದ ಗಟ್ಟಿಯಾಗಿ 10ರಿಂದ 15 ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಮಧ್ಯೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಮೊದಲಿನಿಂದ ಶುರು. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಟ್ಟು, ಕ್ರೇಪ್ ಬ್ಯಾಂಡೇಜಿನಿಂದಲೋ ಉದ್ದ ರುಮಾಲಿನಿಂದಲೋ ಬಿಗಿಯಾಗಿ ಸುತ್ತಿ. ಗಾಯಕ್ಕಿಂತ ಮೇಲೆ ಹಗ್ಗ ಕಟ್ಟಿ ಕೋಲು ತಿರುವಿ ಬಿಗಿಯುವ ರೂಢಿ ಅಪಾಯದ್ದು: ಕೆಳಗಿನ ಭಾಗವೆಲ್ಲ ಸಾಯುತ್ತದೆ.

ನೆಲದ ಮೇಲಿನ ರಕ್ತ ಕಂಡು ಕೈಕಾಲು ಬಿಡಬೇಡಿ. 240 ಕಿಲೋ ತೂಗುವ ತಟ್ಟುವಿನ ಮೈಯಲ್ಲಿ ಸುಮಾರು 18 ಲೀಟರ್ ರಕ್ತ ಇರುತ್ತದೆ. ಒಂದೂವರೆ ಲೀಟರ್ ಹೋದರೂ ತಡೆದುಕೊಳ್ಳುತ್ತದೆ. ವಸಡು ಬಿಳಿಚಿದರೆ, ನಾಡಿ ನಿಮಿಷಕ್ಕೆ 60 ದಾಟಿದರೆ, ಬೆವರಿ ನಡುಗಿದರೆ ಅದು ಬೇರೆ ಮಾತು.

ಇಷ್ಟಾದ ಮೇಲೆ ಅಳತೆ ತೆಗೆದುಕೊಳ್ಳಿ. ನಾಡಿ ದವಡೆಯ ಕೆಳ ಅಂಚಿನ ಒಳಮಗ್ಗುಲಲ್ಲಿ ಬೆರಳಿಗೆ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಆರಾಮಾಗಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44. ಉಸಿರು ನಿಮಿಷಕ್ಕೆ 8ರಿಂದ 16. ಗುದದಲ್ಲಿ ಥರ್ಮಾಮೀಟರ್ ಇಟ್ಟರೆ ಮೈಬಿಸಿ 99ರಿಂದ 101.5 ಫ್ಯಾರನ್‌ಹೀಟ್ ಒಳಗಿರಬೇಕು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಗಾಬರಿಯಿಂದ ನಾಡಿ ಏರಿರುತ್ತದೆ, ಹಾಗಾಗಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಕುದುರೆಯನ್ನು ನಾಲ್ಕು ಹೆಜ್ಜೆ ಮಾತ್ರ ನಡೆಸಿ ನೋಡಿ. ಕಾಲೂರದಿದ್ದರೆ ಆ ನಾಲ್ಕು ಹೆಜ್ಜೆಯೂ ಬೇಡ.

ತಡಮಾಡದೆ ಡಾಕ್ಟರನ್ನು ಕರೆಯಬೇಕಾದ ಗಾಯಗಳು

ಇವುಗಳಲ್ಲಿ ಒಂದು ಕಂಡರೂ ಗಾಯಕ್ಕೆ ಏನನ್ನೂ ಹಚ್ಚುವ ಮೊದಲು ಫೋನ್ ಮಾಡಿ:

- ಯಾವುದೇ ಕೀಲಿನ ಮೇಲೆ, ಕೀಲಿನಿಂದ ನಾಲ್ಕು ಬೆರಳು ಅಂತರದೊಳಗೆ, ಅಥವಾ ಗೆಣ್ಣಿನ ಹಿಂಭಾಗದಲ್ಲಿ ಆದ ಗಾಯ, ಎಷ್ಟೇ ಸಣ್ಣದಿರಲಿ. ಬೆರಳುಗಳ ನಡುವೆ ಎಳೆ ಬರುವಂಥ ಹಳದಿ ದ್ರವ ಕಂಡರಂತೂ ಅದೇ ಗಳಿಗೆ.
- ಗಾಯಕ್ಕೆ ತಕ್ಕುದಲ್ಲದ ಕುಂಟು. ಸಣ್ಣ ಗೀರು, ಆದರೆ ಕಾಲೇ ಊರುತ್ತಿಲ್ಲ ಎಂದರೆ ಒಳಗೆ ಎಲುಬೋ ಕೀಲೋ ಕೆಟ್ಟಿದೆ.
- ಕಾಲಿನ ನಿಲುವು ಬದಲಾಗಿದ್ದರೆ. ಗೆಣ್ಣು ಕುಸಿದು ನೆಲದತ್ತ ಇಳಿದಿದ್ದರೆ ಅಥವಾ ಗೊರಸಿನ ಮೂತಿ ಮೇಲಕ್ಕೆ ಎದ್ದಿದ್ದರೆ ಹಿಂದಿನ ರಜ್ಜು ಹರಿದಿದೆ. ಗೊರಸು ಮುಂದಕ್ಕೆ ಮಡಚಿ ಮುಗ್ಗರಿಸುತ್ತಿದ್ದರೆ ಮುಂದಿನದು. ಇದು ಹೆಚ್ಚಿನ ಸಲ ಸರಿಹೋಗುತ್ತದೆ, ಹಿಂದಿನದು ಕಷ್ಟ.
- ಎಲುಬು ಕಾಣುತ್ತಿದ್ದರೆ, ಅಥವಾ ಚರ್ಮ ಪೂರ್ತಿ ಸೀಳಿ ಅಂಚುಗಳು ಬೇರೆಯಾಗಿದ್ದರೆ. ಹೊಲಿಗೆ ಹಾಕಲು ಮೊದಲ 6ರಿಂದ 8 ಗಂಟೆ ಒಳ್ಳೆಯ ಸಮಯ. ರಾತ್ರಿ ಆಯಿತು, ಬೆಳಗ್ಗೆ ನೋಡೋಣ ಎಂದರೆ ಆ ಸಮಯ ಕಳೆದೇ ಹೋಗುತ್ತದೆ.
- ಹಿಮ್ಮಡಿಯ ಮೆತ್ತನೆ ಭಾಗ ಸೀಳಿದ್ದರೆ, ಅಥವಾ ಗೊರಸು ಚರ್ಮಕ್ಕೆ ಸೇರುವ ಅಂಚು ಕತ್ತರಿಸಿದ್ದರೆ. ಗೊರಸು ಹುಟ್ಟುವುದೇ ಆ ಅಂಚಿನಿಂದ.
- ಅಂಗಾಲಿಗೆ ಮೊಳೆ ಚುಚ್ಚಿದ್ದರೆ.
- 15 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ.
- ನಾಯಿ ಕಚ್ಚಿದ ಗಾಯ. ಕೈಗವಸು ಹಾಕಿ ಸೋಪು ನೀರಿನಿಂದ 15 ನಿಮಿಷ ತೊಳೆಯಿರಿ. ರೇಬೀಸ್ ಲಸಿಕೆಯ ಮಾತು ಡಾಕ್ಟರದು.
- ಎರಡು ಮೂರು ದಿನದ ಮೇಲೆ ಇಡೀ ಕಾಲು ಬಾತು ಬಿಸಿಯಾಗಿ ಜ್ವರ ಬಂದರೆ.

ಮಹಾರಾಷ್ಟ್ರದಲ್ಲಾಗಲಿ ಗಡಿಯ ಈಚೆ ಕರ್ನಾಟಕದಲ್ಲಾಗಲಿ ಸರಕಾರದ ಪಶುವೈದ್ಯ ಸೇವೆಯ ಶುಲ್ಕವಿಲ್ಲದ ನಂಬರ್ 1962. ತಾಲ್ಲೂಕು ದವಾಖಾನೆಯ ಡಾಕ್ಟರರ ನಂಬರೂ ಮೊದಲೇ ಫೋನಿನಲ್ಲಿರಲಿ. ಹೆಚ್ಚಿನ ದವಾಖಾನೆಗಳಲ್ಲಿ ದಿನವೂ ನೋಡುವುದು ಎಮ್ಮೆ, ಆಕಳು, ಕುರಿ. ಆದ್ದರಿಂದ ಕುದುರೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಔಷಧಿ ಬೇರೆ ಬೇಕಾಗುತ್ತದೆ. ನಂತರ ಈ ಕ್ರಮದಲ್ಲಿ ಹೇಳಿ: ಗಾಯ ಎಷ್ಟು ಹೊತ್ತಿಗೆ ಆಯಿತು, ಯಾವ ಕಾಲು, ಯಾವ ಕೀಲಿನಿಂದ ಎಷ್ಟು ಬೆರಳು ಮೇಲೆ ಅಥವಾ ಕೆಳಗೆ, ಕಾಲೂರುತ್ತಿದೆಯೇ, ನಾಡಿ, ಜ್ವರ, ಕೊನೆಯ ಧನುರ್ವಾಯು ಇಂಜೆಕ್ಷನ್ ಯಾವಾಗ, ಗಬ್ಬ ಇದೆಯೇ, ತೂಕ ಎಷ್ಟು. ಎರಡು ಫೋಟೋ ಕಳಿಸಿ, ಒಂದು ಇಡೀ ಕಾಲಿನದು, ಒಂದು ಹತ್ತಿರದಿಂದ.

ತೂಕಕ್ಕೆ ತಕ್ಕಡಿ ಬೇಕಿಲ್ಲ. ಮುಂಗಾಲಿನ ಹಿಂದೆ ಎದೆಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 145, ಉದ್ದ 135 ಇದ್ದರೆ ಸುಮಾರು 239 ಕಿಲೋ. ಕಣ್ಣಂದಾಜಿನಲ್ಲಿ ಐವತ್ತು ಕಿಲೋ ಹೆಚ್ಚುಕಡಿಮೆ ಹೇಳುವುದು ಸಾಮಾನ್ಯ. ಇಂಜೆಕ್ಷನ್ ಪ್ರಮಾಣ ಅದೇ ಲೆಕ್ಕದಲ್ಲಿ ತಪ್ಪುತ್ತದೆ.

ಕೀಲು ತೂರಿದ ಗಾಯಕ್ಕೆ, ಎಲುಬು ಮುರಿದ ಸಂಶಯಕ್ಕೆ ಎಕ್ಸ್‌ರೇ, ಮತ್ತು ಕುದುರೆ ಮಲಗಿಸುವ ಅನುಕೂಲ ಬೇಕು. ಈ ಸೀಮೆಯವರಿಗೆ ಉದಗೀರ, ಶಿರವಳ, ಬೀದರಿನ ಪಶುವೈದ್ಯ ಕಾಲೇಜುಗಳೇ ದಾರಿ. ಸ್ಥಳೀಯ ಡಾಕ್ಟರರು ಕಳಿಸಿ ಎಂದರೆ ಅದೇ ದಿನ ಹೊರಡಿ.

ಡಾಕ್ಟರು ಬರುವತನಕ

ಗೆಣ್ಣು ಕುಸಿದಿದ್ದರೆ ಅಥವಾ ಕೆಳಗಾಲಿನ ಎಲುಬು ಮುರಿದಂತಿದ್ದರೆ ಕುದುರೆಯನ್ನು ನಿಂತಲ್ಲೇ ನಿಲ್ಲಿಸಿ. ಮುಂಗಾಲಾದರೆ ದಪ್ಪ ಹತ್ತಿಕಟ್ಟು ಹಾಕಿ, 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಅರ್ಧ ಸೀಳಿ, ನೆಲದಿಂದ ಮೊಣಕಾಲಿನ ಕೆಳಗಿನವರೆಗೆ ಬರುವಷ್ಟು ಕತ್ತರಿಸಿ. ಕಾಲನ್ನು ಎತ್ತಿ, ಗೊರಸಿನ ಮೂತಿ ನೆಲದತ್ತ ಮಾಡಿ, ಎಲುಬುಗಳು ಒಂದೇ ಗೆರೆಗೆ ಬಂದಾಗ ಪೈಪನ್ನು ಕಾಲಿನ ಮುಂಭಾಗಕ್ಕಿಟ್ಟು ಗಟ್ಟಿ ಟೇಪಿನಿಂದ ಮೇಲಿಂದ ಕೆಳಗಿನವರೆಗೆ ಸುತ್ತಿ. ಪೈಪಿನ ಕತ್ತರಿಸಿದ ಅಂಚುಗಳಿಗೆ ಬಟ್ಟೆ ಸುತ್ತುವುದನ್ನು ಮರೆಯಬೇಡಿ. ಮುಂದಿನ ರಜ್ಜು ಮಾತ್ರ ಹರಿದಿದ್ದರೆ ಮೂತಿ ಕೆಳಗೆ ಮಾಡಬಾರದು; ಅಂಗಾಲು ನೆಲಕ್ಕೆ ಸಮನಾಗಿ ನಿಲ್ಲುವಂತೆ ಕಟ್ಟಬೇಕು.

ಅಂಗಾಲಿನ ಮೊಳೆಯನ್ನು ಕಂಡ ಕೂಡಲೇ ಕೀಳುವುದು ಎಲ್ಲರ ಕೈಯ ಚಟ. ಕಿತ್ತರೆ ತೂತು ಮುಚ್ಚಿಕೊಳ್ಳುತ್ತದೆ, ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿತ್ತು ಎಂಬುದು ಎಕ್ಸ್‌ರೇಯಲ್ಲೂ ಸಿಗುವುದಿಲ್ಲ. ಮೊಳೆ ಇನ್ನೂ ಒಳಕ್ಕೆ ಹೋಗದಂತೆ ಅದರ ಎರಡೂ ಪಕ್ಕಕ್ಕೆ ಮರದ ತುಂಡು ಇಟ್ಟು ಟೇಪ್ ಸುತ್ತಿ. ಡಾಕ್ಟರು ಬರಲು ಬಹಳ ಹೊತ್ತು ಆಗುವುದಾದರೆ, ಮೊಳೆ ತುಳಿದು ತುಳಿದು ಒಳಗಿಳಿಯುತ್ತಿದ್ದರೆ ಮಾತ್ರ ಫೋಟೋ ತೆಗೆದು, ಚುಚ್ಚಿದ ಜಾಗದ ಸುತ್ತ ಮಾರ್ಕರಿನಿಂದ ಗುರುತು ಹಾಕಿ, ನೇರವಾಗಿ ಎಳೆದು ತೆಗೆಯಿರಿ. ಆ ಮೊಳೆಯನ್ನು ಇಟ್ಟುಕೊಳ್ಳಿ. ಉದ್ದ, ಸೊಟ್ಟ ನೋಡಬೇಕಾಗುತ್ತದೆ. ಅಂಗಾಲಿನ ಮಧ್ಯದ ಮುಕ್ಕೋನ ಭಾಗದಲ್ಲಿ ಅಥವಾ ಅದರ ಪಕ್ಕದ ಸಂದಿಯಲ್ಲಿ ಚುಚ್ಚಿದ್ದೇ ಹೆಚ್ಚು ಅಪಾಯದ್ದು.

ನೋವಿನ ಇಂಜೆಕ್ಷನ್ ಅಥವಾ ಗುಳಿಗೆಯನ್ನು ಡಾಕ್ಟರು ನೋಡುವ ಮುಂಚೆ ಕೊಡಬೇಡಿ. ನೋವು ಮುಚ್ಚಿದರೆ ಕುಂಟು ಮುಚ್ಚುತ್ತದೆ, ಕುಂಟು ನೋಡಿಯೇ ಅವರು ಕೀಲಿನ ಸೋಂಕು ಗುರುತಿಸಬೇಕು.

ತೊಳೆಯುವುದು

ಮೇಲಿನ ಪಟ್ಟಿಗೆ ಸೇರದ ಗಾಯವನ್ನು, ಅಂದರೆ ಕೀಲಿನಿಂದ ದೂರ ಇರುವ, ಚರ್ಮ ಪೂರ್ತಿ ಸೀಳದ, ಕುಂಟು ಇಲ್ಲದ ತರಚುಗಾಯವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಇಡೀ ಚಿಕಿತ್ಸೆಯಲ್ಲಿ ತೊಳೆಯುವಷ್ಟು ದೊಡ್ಡ ಕೆಲಸ ಮತ್ತೊಂದಿಲ್ಲ. ಮುಲಾಮಿಗೆ ಖರ್ಚು ಮಾಡುವ ಮನಸ್ಸನ್ನು ಇಲ್ಲಿ ಹೊತ್ತು ಕೊಡಲು ಬಳಸಿ.

ಮೊದಲು ಕೈ ತೊಳೆದು ಕೈಗವಸು ಹಾಕಿ. ಮಣ್ಣು ಲದ್ದಿ ಮೆತ್ತಿದ್ದರೆ ಪೈಪಿನ ನೀರನ್ನು ಗೊರಸಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ತನ್ನಿ. ನೇರ ಗಾಯಕ್ಕೇ ರಭಸದಿಂದ ಬಿಟ್ಟರೆ ಕುದುರೆ ಬೆದರುತ್ತದೆ, ಕೊಳೆ ಒಳಗೆ ಸೇರುತ್ತದೆ. ಹತ್ತು ನಿಮಿಷ ಸಾಕು. ಆಮೇಲೆ ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಗಾಯದೊಳಗೆ ತುಂಬಿ, ಸುತ್ತಲಿನ ಕೂದಲನ್ನು ಎರಡು ಬೆರಳಗಲ ಕತ್ತರಿಸಿ. ಗಾಜ್ ತೆಗೆದರೆ ಕತ್ತರಿಸಿದ ಕೂದಲೂ ಅದರ ಜೊತೆ ಹೊರಬರುತ್ತದೆ.

ಈಗ ಸಲೈನ್. ಮೆಡಿಕಲ್ ಅಂಗಡಿಯ ಒಂದು ಲೀಟರಿನ ಸಲೈನ್ ಬಾಟಲಿ ಒಳ್ಳೆಯದು. ಸಿಗದಿದ್ದರೆ ಒಂದು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, 9 ಗ್ರಾಂ ಉಪ್ಪು, ಎಂದರೆ ಸುಮಾರು ಒಂದೂಮುಕ್ಕಾಲು ಸಪಾಟು ಟೀಚಮಚ, ಹಾಕಿ ಆರಿಸಿ. 20 ಅಥವಾ 50 ಎಂಎಲ್ ಸಿರಿಂಜಿಗೆ 18 ನಂಬರಿನ ಸೂಜಿ ಹಾಕಿ, ಗಾಯದಿಂದ ನಾಲ್ಕು ಬೆರಳು ದೂರದಲ್ಲಿ ಓರೆಯಾಗಿ ಹಿಡಿದು ಚಿಮ್ಮಿಸಿ. ಬರೀ ಸುರಿದರೆ ಕೊಳೆ ಏಳುವುದಿಲ್ಲ. ಈ ಸೂಜಿಯ ಒತ್ತಡ ಕೊಳೆ ಎಬ್ಬಿಸುವಷ್ಟಿದ್ದು ಹಸಿ ಮಾಂಸಕ್ಕೆ ನೋವು ಮಾಡುವುದಿಲ್ಲ. ಅಂಗೈಯಗಲದ ಗಾಯಕ್ಕೆ ಕನಿಷ್ಠ ಒಂದು ಲೀಟರ್ ಬೇಕು, ಎರಡಾದರೆ ಇನ್ನೂ ಒಳ್ಳೆಯದು. ಕೊನೆಯ ಲೀಟರಿಗೆ 5 ಶೇಕಡಾ ಪೊವಿಡೋನ್ ಅಯೋಡಿನ್ ದ್ರಾವಣ 20 ಎಂಎಲ್ ಬೆರೆಸಬಹುದು (10 ಶೇಕಡಾದ್ದಾದರೆ 10 ಎಂಎಲ್). ತೆಳುವಾದ ಚಹಾದ ಬಣ್ಣ ಬಂದರೆ ಸರಿ. ಅದಕ್ಕಿಂತ ಗಟ್ಟಿ ಮಾಡಿದರೆ ರೋಗಾಣುವಿನ ಜೊತೆ ಹೊಸದಾಗಿ ಹುಟ್ಟುವ ಮಾಂಸವೂ ಸಾಯುತ್ತದೆ. ಸೋಪಿನ ನೊರೆ ಬರುವ ಅಯೋಡಿನ್ ಸ್ಕ್ರಬ್ ಬೇರೆ. ಅದು ಸುತ್ತಲಿನ ಚರ್ಮಕ್ಕೆ ಮಾತ್ರ, ಗಾಯದೊಳಗೆ ಬೇಡ.

ಗಾಯದ ಆಳ ನೋಡಲು ಕಡ್ಡಿ, ಬೆರಳು ತೂರಿಸಬೇಡಿ. ಕೀಲಿನ ಚೀಲ ಇನ್ನೂ ಹರಿಯದೆ ಉಳಿದಿದ್ದರೆ ನೀವೇ ಹರಿದ ಹಾಗಾಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಬುಸುಬುಸು ನೊರೆ ಬಂದು ಕೆಲಸ ಮಾಡಿದಂತೆ ಕಾಣುತ್ತದೆ, ಮಾಡುವುದು ಹಾನಿ. ಸ್ಪಿರಿಟ್, ಫಿನೈಲ್, ಡೆಟಾಲ್, ಟರ್ಪೆಂಟೈನ್, ಸುಣ್ಣ, ಮೈಲುತುತ್ತ, ತಂಬಾಕಿನ ಪುಡಿ, ಬೂದಿ, ಹಳೆ ಇಂಜಿನ್ ಆಯಿಲ್: ಇವೆಲ್ಲ ತಲೆಮಾರುಗಳಿಂದ ಬಂದಿವೆ, ಆದರೂ ಹಸಿ ಗಾಯಕ್ಕೆ ಬೇಡ. ಅರಿಶಿನದ ಪುಡಿ ಕೂಡ ಮೊದಲ ದಿನ ಬೇಡ. ಅದು ಗಾಯದಲ್ಲಿ ಗಟ್ಟಿ ಕೂತರೆ ಹೊಲಿಗೆ ಹಾಕುವ ಮುಂಚೆ ಡಾಕ್ಟರು ಅದನ್ನೇ ಕೆರೆದು ತೆಗೆಯಬೇಕಾಗುತ್ತದೆ.

ಕಟ್ಟುವುದು

ಮೊಣಕಾಲಿನ ಕೆಳಗಿನ ಗಾಯಕ್ಕೆ ಕಟ್ಟು ಬೇಕು, ಮೇಲಿನದಕ್ಕೆ ಹೆಚ್ಚಾಗಿ ಬೇಡ. ಕಟ್ಟು ಬಾವು ತಡೆಯುತ್ತದೆ, ಕೊಳೆ ತಡೆಯುತ್ತದೆ, ಅಂಚುಗಳು ಅಲುಗದಂತೆ ಹಿಡಿಯುತ್ತದೆ. ಕೆಟ್ಟ ಕಟ್ಟು ಕಾಲನ್ನೇ ಕಳೆಯುತ್ತದೆ. ಬಿಗಿ ಹೆಚ್ಚಾಗಿ, ಒಳಗೆ ಹತ್ತಿ ಕಡಿಮೆಯಾದರೆ ಹಿಂದಿನ ರಜ್ಜುವಿಗೆ ರಕ್ತ ನಿಂತು ಅದು ಬಿಲ್ಲಿನ ಹಾಗೆ ಉಬ್ಬಿ ಖಾಯಂ ದೋಷವಾಗುತ್ತದೆ.

ಮೊದಲ ಪದರ ಅಂಟದ ಗಾಜ್, ಮೆಡಿಕಲ್‌ನಲ್ಲಿ ಪ್ಯಾರಾಫಿನ್ ಗಾಜ್ ಎಂದು ಸಿಗುವುದು. ಅದನ್ನು ತೆಳುವಾಗಿ ಸುತ್ತಿದ ಗಾಜ್ ಬ್ಯಾಂಡೇಜ್ ಹಿಡಿದಿರಲಿ. ಎರಡನೆಯದು ಹತ್ತಿ: 500 ಗ್ರಾಮಿನ ಸುರುಳಿಯಿಂದ ಎರಡು ಮೂರು ಸೆಂಟಿಮೀಟರ್ ದಪ್ಪ, ಸುಕ್ಕಿಲ್ಲದೆ, ಗೊರಸಿನ ಅಂಚಿನಿಂದ ಮೊಣಕಾಲಿನ ಕೆಳಗಿನವರೆಗೆ. ಗಾಯ ಎಲ್ಲೇ ಇರಲಿ, ಇಡೀ ಕೆಳಗಾಲು ಮುಚ್ಚಬೇಕು. ಗಾಯಕ್ಕೆ ಮಾತ್ರ ಸುತ್ತಿದರೆ ಬಾವು ಕೆಳಗೆ ಇಳಿದು ಸೇರುತ್ತದೆ. ಮೂರನೆಯದು 15 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್. ಕಾಲಿನ ಮುಂಭಾಗದಲ್ಲಿ ಶುರುಮಾಡಿ, ಹೊರಮಗ್ಗುಲಿಗೆ, ಅಲ್ಲಿಂದ ಹಿಂದಕ್ಕೆ ಒಯ್ಯಿರಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಎಳೆತ ಎಲ್ಲ ಕಡೆ ಒಂದೇ ಇರಲಿ. ಮೇಲೂ ಕೆಳಗೂ ಒಂದು ಬೆರಳಗಲ ಹತ್ತಿ ಹೊರಗೆ ಕಾಣಬೇಕು. ಮುಗಿಸಿದ ಮೇಲೆ ಮೇಲಿನ ಅಂಚಿನಲ್ಲಿ ಒಂದು ಬೆರಳು ಬಿಗಿಯಾಗಿ ಹೋಗಬೇಕು. ಕೊನೆಗೆ ಮೇಲಿನ ಮತ್ತು ಕೆಳಗಿನ ಅಂಚಿಗೆ ಅಂಟುಪಟ್ಟಿ, ಕಸ ಒಳಗೆ ಹೋಗದಂತೆ. ಚರ್ಮಕ್ಕೆ ಅದನ್ನು ಎಳೆದು ಹಚ್ಚಬೇಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತುವವರಿದ್ದಾರೆ, ಒಳಗೆ ಬೆವೆತು ಕೊಳೆಯುತ್ತದೆ. ಒಣಗಿದ ನೆಲದಲ್ಲಿ ಕಟ್ಟುವುದೇ ಸರಿ.

ಮೊಣಕಾಲು, ಹಿಂಗಾಲಿನ ದೊಡ್ಡ ಕೀಲಿನ ಮೇಲೆ ಕಟ್ಟು ಹಾಕಬೇಕಾದರೆ ಎಲುಬು ಚಾಚಿಕೊಂಡಿರುವ ತುದಿ ಒತ್ತಡಕ್ಕೆ ಸಿಗಬಾರದು, ಅಲ್ಲಿ ಸುತ್ತನ್ನು ಎಂಟರ ಆಕಾರದಲ್ಲಿ ತಿರುವಿ ಬಿಡಬೇಕು. ಡಾಕ್ಟರು ಒಮ್ಮೆ ಹಾಕುವುದನ್ನು ನೋಡಿಕೊಂಡ ಮೇಲೆ ಕೈ ಹಾಕಿ.

ರಸಿಕೆ ಹೆಚ್ಚು ಸೋರುವ ಮೊದಲ ಮೂರು ನಾಲ್ಕು ದಿನ ಕಟ್ಟು ದಿನವೂ ಬದಲಾಗಲಿ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ. ಒದ್ದೆಯಾದರೆ, ಜಾರಿದರೆ, ನಾತ ಬಂದರೆ, ಕುದುರೆ ಕಡಿಯತೊಡಗಿದರೆ, ಕಟ್ಟಿನ ಮೇಲೆ ಕಾಲು ಬಾತರೆ ಆಗಲೇ ಬಿಚ್ಚಿ. ಒಂದು ಕಾಲಿಗೆ ಕಟ್ಟಿದರೆ ಜೊತೆಯ ಕಾಲಿಗೂ ಹತ್ತಿ ಹಾಕಿ ಕಟ್ಟುವುದು ಒಳ್ಳೆಯದು, ಭಾರವೆಲ್ಲ ಅದರ ಮೇಲೆ ಬಿದ್ದಿರುತ್ತದೆ. ನೊಂದ ಕಾಲನ್ನು ದಿನಗಟ್ಟಲೆ ಊರದಿದ್ದರೆ ಒಳ್ಳೆಯ ಕಾಲಿನ ಗೊರಸು ಒಳಗಿಂದ ಬಾತು ಬಿಟ್ಟುಕೊಳ್ಳುತ್ತದೆ, ಇದರಿಂದಲೇ ಎಷ್ಟೋ ಕುದುರೆ ಸತ್ತಿವೆ. ಆ ಗೊರಸು ಬಿಸಿಯಾಗಿದ್ದರೆ, ಕಾಲು ಬದಲಿಸುತ್ತಲೇ ಇದ್ದರೆ ಡಾಕ್ಟರಿಗೆ ಹೇಳಿ, ಕೆಳಗೆ ಗೇಣುದ್ದ ಮರಳು ಅಥವಾ ಒಣ ಹೊಟ್ಟು ಹಾಸಿ.

ಧನುರ್ವಾಯು ಮತ್ತು ಇತರ ಔಷಧಿ

ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವುದು ಇನ್ನೊಂದಿಲ್ಲ. ರೋಗಾಣು ಲದ್ದಿಯಲ್ಲೂ ಮಣ್ಣಲ್ಲೂ ಇದ್ದೇ ಇರುತ್ತದೆ, ಮೇಲೆ ಮುಚ್ಚಿದಂತೆ ಕಾಣುವ ಸಣ್ಣ ಆಳದ ತೂತೇ ಅದಕ್ಕೆ ಬೇಕಾದ ಜಾಗ. ಒಂದರಿಂದ ಮೂರು ವಾರದ ಮೇಲೆ ಲಕ್ಷಣ ಬರುತ್ತದೆ: ಕಣ್ಣಿನ ಒಳಮೂಲೆಯ ಪೊರೆ ಅಡ್ಡ ಬರುತ್ತದೆ, ಬಾಲ ಎತ್ತಿ ನಿಲ್ಲುತ್ತದೆ, ದವಡೆ ಕಚ್ಚುತ್ತದೆ, ನಾಲ್ಕೂ ಕಾಲು ಸೆಟೆಯುತ್ತವೆ. ಅಷ್ಟರಲ್ಲಿ ಉಳಿಸುವುದು ಕಷ್ಟ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಹಬ್ಬಿದೆ. ಹಿಂದೆಂದೂ ಲಸಿಕೆ ಆಗದ ಕುದುರೆಗೆ ಗಾಯವಾದ ದಿನ ಒಂದು ಟಿಟಿ ಚುಚ್ಚಿಸಿದರೆ ಆಯಿತು ಎಂದುಕೊಳ್ಳುತ್ತಾರೆ. ಆ ಟಿಟಿ ಮೈಯಲ್ಲಿ ಬಲ ತುಂಬಲು ವಾರಗಳು ಬೇಕು, ರೋಗ ಅಷ್ಟು ಕಾಯುವುದಿಲ್ಲ. ಅಂಥ ಕುದುರೆಗೆ ಡಾಕ್ಟರು ಸಾಮಾನ್ಯವಾಗಿ 1,500 ಯೂನಿಟ್ ಆಂಟಿಟಾಕ್ಸಿನ್ (ಧನುರ್ವಾಯುವಿನ ವಿಷ ತಡೆಯುವ ಇಂಜೆಕ್ಷನ್) ಅನ್ನೂ ಅದೇ ದಿನ ಬೇರೆ ಜಾಗದಲ್ಲಿ ಟಿಟಿಯನ್ನೂ ಕೊಡುತ್ತಾರೆ, 4ರಿಂದ 6 ವಾರಕ್ಕೆ ಟಿಟಿ ಎರಡನೇ ಸಲ, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆ ಕ್ರಮವಾಗಿ ಆಗಿದ್ದು ಕೊನೆಯದಕ್ಕೆ ಆರು ತಿಂಗಳು ದಾಟಿದ್ದರೆ ಒಂದು ಬೂಸ್ಟರ್ ಸಾಕು. ತಾರೀಖನ್ನು ಕ್ಯಾಲೆಂಡರಿನ ಮೇಲಲ್ಲ, ಫೋನಿನಲ್ಲಿ ಬರೆದಿಡಿ. ಹಿಂಡಿನ ಜೊತೆ ತಿರುಗುವವರ ಕೈಗೆ ಅದೇ ಸಿಗುವುದು.

ದನಕ್ಕೆ ತಂದು ಉಳಿದ ಔಷಧಿಯನ್ನು ಕುದುರೆಗೆ ಹಾಕಬೇಡಿ. ಲಿಂಕೋಮೈಸಿನ್, ಕ್ಲಿಂಡಾಮೈಸಿನ್ ಹೊಟ್ಟೆಗೆ ಹೋದರೆ ಕುದುರೆ ಭೇದಿಯಾಗಿ ಸಾಯಬಹುದು. ಪ್ರೊಕೇನ್ ಪೆನಿಸಿಲಿನ್ ಸ್ನಾಯುವಿಗೆ ಮಾತ್ರ, ರಕ್ತನಾಳಕ್ಕೆ ಹೋದರೆ ಕುದುರೆ ಹುಚ್ಚೆದ್ದು ಬೀಳುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ಹಸಿ ಗಾಯ ಮಾಯುವುದನ್ನು ತಡೆಯುತ್ತದೆ. ಡೈಕ್ಲೋಫೆನಾಕ್ ಅಂತೂ ಪ್ರಾಣಿಗಳಿಗೆ ಕೊಡುವುದು 2006ರಿಂದಲೇ ನಿಷೇಧ: ಆ ಔಷಧಿ ಮೈಯಲ್ಲಿದ್ದು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ನಿಂತಲ್ಲೇ ನಿಲ್ಲುವ ಕುದುರೆಗೆ ಕಾಳು ಕಡಿಮೆ ಮಾಡಿ. ದುಡಿಯುವಾಗ ಕೊಡುತ್ತಿದ್ದ ಜೋಳ, ಹುರುಳಿಯನ್ನು ಅರ್ಧಕ್ಕೂ ಕೆಳಗೆ ಇಳಿಸಿ, ಕಣಿಕೆ, ಒಣಹುಲ್ಲು ಹೆಚ್ಚಿಸಿ, ನೀರು ಸದಾ ಮುಂದಿರಲಿ. ಹಾಗೆ ಮಾಡದಿದ್ದರೆ ಹೊಟ್ಟೆಶೂಲೆ ಬರುತ್ತದೆ.

ವಾರಗಳ ಮೇಲೆ ಕೆಡುವ ಬಗೆ

ಐದಾರು ದಿನಕ್ಕೆ ಗಾಯದ ತಳದಲ್ಲಿ ಗುಲಾಬಿ ಕೆಂಪಿನ ಹರಳು ಹರಳಾದ ಹೊಸ ಮಾಂಸ ಏಳಬೇಕು. ಅದು ಚರ್ಮದ ಮಟ್ಟಕ್ಕೆ ಬಂದು ನಿಂತರೆ ಒಳ್ಳೆಯದು. ಮಟ್ಟ ದಾಟಿ ಗಂಟುಗಂಟಾಗಿ ಹೊರಗೆ ಉಬ್ಬಿ, ಮುಟ್ಟಿದರೆ ರಕ್ತ ಬರುತ್ತಿದ್ದರೆ ಅದು ದುರ್ಮಾಂಸ. ಎರಡು ವಾರದ ಆಚೆ ಈ ಕಾಟ ಶುರುವಾಗುತ್ತದೆ, ಮೊಣಕಾಲಿನ ಕೆಳಗೇ ಹೆಚ್ಚು. ಅದು ಉಬ್ಬಿರುವತನಕ ಅಂಚಿನ ಚರ್ಮ ಅದನ್ನು ಹತ್ತಿ ದಾಟಲಾರದು. ದುರ್ಮಾಂಸದಲ್ಲಿ ನೋವಿನ ನರ ಇರುವುದಿಲ್ಲ, ಡಾಕ್ಟರು ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಸವರಿದರೆ ಕುದುರೆ ನಿಂತೇ ಇರುತ್ತದೆ, ರಕ್ತ ಮಾತ್ರ ಧಾರಾಳ. ಸುಣ್ಣ, ಮೈಲುತುತ್ತ ಹಚ್ಚಿ ಸುಡುವವರು ದುರ್ಮಾಂಸದ ಜೊತೆ ಅಂಚಿನ ಎಳೆ ಚರ್ಮವನ್ನೂ ಸುಡುತ್ತಾರೆ.

ಗಾಯ ಮುಚ್ಚಿದಂತಾಗಿ ಮತ್ತೆ ಮತ್ತೆ ಒಂದೇ ತೂತಿನಿಂದ ಕೀವು ಬರುತ್ತಿದ್ದರೆ ಒಳಗೆ ಸತ್ತ ಎಲುಬಿನ ಚೂರೋ ಮುಳ್ಳಿನ ತುಂಡೋ ಉಳಿದಿದೆ. ಆಂಟಿಬಯೋಟಿಕ್ ನಿಲ್ಲಿಸಿದ ಕೂಡಲೇ ಮರಳುವ ಕೀವು ಇದರದೇ. ತೆಗೆಯದೆ ವಾಸಿಯಾಗದು.

ಹುಳು ಬಿದ್ದರೆ ಚಿಮಟದಿಂದ ಒಂದೊಂದಾಗಿ ತೆಗೆದು, ಸಲೈನಿನಿಂದ ತೊಳೆದು, ಡಾಕ್ಟರು ಹೇಳಿದ ಸ್ಪ್ರೇ ಹಾಕಿ. ಆಳಕ್ಕೆ ಹೋಗಿದ್ದರೆ ಅವರೇ ನೋಡಬೇಕು. ನೊಣ ಬಾರದಂತೆ ಬೇವಿನೆಣ್ಣೆಯನ್ನು ಗಾಯದ ಸುತ್ತ ಹಚ್ಚಬಹುದು, ಗಾಯದ ಮೇಲಲ್ಲ. ಬೇಸಿಗೆ ಮಳೆಗಾಲದಲ್ಲಿ ಗಾಯ ಮಾಯದೆ, ಕೆರೆತ ಹೆಚ್ಚಾಗಿ, ಮಾಂಸದಲ್ಲಿ ಅಕ್ಕಿನುಚ್ಚಿನಷ್ಟು ಹಳದಿ ಕಾಳು ಕಂಡರೆ ಅದು ನೊಣದಿಂದ ಬಂದ ಜಂತುವಿನ ಹುಣ್ಣು. ಅದಕ್ಕೆ ಜಂತಿನ ಔಷಧಿಯೇ ಬೇಕು.

ಇನ್ನೊಂದನ್ನು ಎಂದೂ ಅಲಕ್ಷ್ಯ ಮಾಡಬಾರದು. ಯಾವ ಪೆಟ್ಟೂ ಬೀಳದೆ ಹಿಂಗಾಲಿನ ಒಳಮಗ್ಗುಲಲ್ಲಿ ಗೆರೆಯಾಗಿ ಗಂಟುಗಳು ಎದ್ದು ಒಡೆದು ಎಣ್ಣೆಯಂಥ ಕೀವು ಸೋರಿದರೆ, ಮೂಗಿನಿಂದಲೂ ಅಂಟು ಸಿಂಬಳ ಬಂದರೆ ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ಹತ್ತುತ್ತದೆ, ಕೊಲ್ಲುತ್ತದೆ. ಅಂಥದ್ದನ್ನು ಬರಿಗೈಯಲ್ಲಿ ಮುಟ್ಟದೆ ಕುದುರೆಯನ್ನು ಬೇರೆ ಕಟ್ಟಿ ದವಾಖಾನೆಗೆ ತಿಳಿಸಿ. ಪ್ರಾಣಿಗಳ ಸೋಂಕುರೋಗ ತಡೆಯುವ 2009ರ ಕಾಯ್ದೆಯ ಪ್ರಕಾರ ತಿಳಿಸುವುದು ಸಾಕಿದವರ ಹೊಣೆ. ರಕ್ತಪರೀಕ್ಷೆ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ.

ಮತ್ತೆ ಕೆಲಸಕ್ಕೆ

ಚರ್ಮ ಪೂರ್ತಿ ಕೂಡಿ, ಗಟ್ಟಿ ನೆಲದ ಮೇಲೆ ಸಣ್ಣಗೆ ಓಡಿಸಿದಾಗಲೂ ಕುಂಟು ಕಾಣದಿದ್ದರೆ ಮಾತ್ರ ಕೆಲಸದ ಯೋಚನೆ ಮಾಡಿ. ಮೊದಲ ವಾರ ಬರಿಬೆನ್ನಿನಲ್ಲಿ ನಡಿಗೆ, ಎರಡನೇ ವಾರ ಅರ್ಧ ಹೇರು. ಕಲೆಯ ಮೇಲಿನ ಚರ್ಮ ತೆಳು, ಕೂದಲಿಲ್ಲದ್ದು, ಸುಲಭಕ್ಕೆ ಒಡೆಯುತ್ತದೆ, ಹಾಗಾಗಿ ಆ ಕಾಲಿಗೆ ನೈಲಾನ್ ಹಗ್ಗ ಮತ್ತೆ ಹಾಕಬೇಡಿ. ಕಟ್ಟಲೇಬೇಕಾದರೆ ಮೂರು ಬೆರಳಗಲದ ಮೆತ್ತನೆ ಹತ್ತಿಪಟ್ಟಿ ಇರಲಿ.

ಗೊರಸಿನ ಅಂಚಿಗೆ ಗಾಯವಾಗಿದ್ದರೆ ಅದರ ಲೆಕ್ಕ ಒಂದು ವರ್ಷದ್ದು. ಗೊರಸು ತಿಂಗಳಿಗೆ 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಅಂಚಿನಲ್ಲಿ ಹುಟ್ಟಿದ ಸೀಳು ನೆಲ ಮುಟ್ಟಲು ಒಂಬತ್ತರಿಂದ ಹನ್ನೆರಡು ತಿಂಗಳು. ಅಷ್ಟು ದಿನ ಐದಾರು ವಾರಕ್ಕೊಮ್ಮೆ ಲಾಳ ಹೊಡೆಯುವ ನಾಲಬಂದರಿಗೆ ತೋರಿಸಿ, ಸೀಳಿನ ಕೆಳಗೆ ಲಾಳಕ್ಕೆ ಗೊರಸು ತಾಗದಂತೆ ಸ್ವಲ್ಪ ಸವರಿಸಿ, ಸೀಳಿನ ಎರಡೂ ಪಕ್ಕಕ್ಕೆ ಹತ್ತಿರದಲ್ಲಿ ಮೊಳೆ ಹೊಡೆಯದಂತೆ ನಿಂತು ನೋಡಿಕೊಳ್ಳಿ.